ಪಂಕ್ತಿಯಿಂದ ಮೇಜಿಗೆ: ಉಡುಪಿ ಹೋಟೆಲು ನಡೆದು ಬಂದ ದಾರಿ

ಬೆಂಗಳೂರಿನ ಎಂಟಿಆರ್ ಹುಟ್ಟಿದಾಗ ಅದಕ್ಕೆ ಆ ಹೆಸರಿರಲಿಲ್ಲ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ತೆರೆದ ಆ ಸಣ್ಣ ಹೋಟೆಲಿನ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಮಾವಳ್ಳಿ ಟಿಫಿನ್ ರೂಮ್ಸ್ ಎಂಬುದು ಅದು ಲಾಲ್‌ಬಾಗ್ ರಸ್ತೆಗೆ ಬಂದ ಮೇಲೆ ಇಟ್ಟುಕೊಂಡ ಹೆಸರು. 1924ರಲ್ಲಿ ಅಂಥ ಬೋರ್ಡು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಬೆಂಗಳೂರು, ಮೈಸೂರು, ಮದರಾಸುಗಳಲ್ಲಿ ಇಂಥವು ಬೇಕಾದಷ್ಟಿದ್ದವು. ಒಳಗೆ ಒಲೆಯ ಮುಂದೆ ನಿಂತಿರುವವರು ಯಾರು ಎಂದು ಬೋರ್ಡು ಹೇಳುತ್ತಿತ್ತು. ಎಷ್ಟೋ ಕಡೆ ಒಳಗೆ ಕುಳಿತುಕೊಳ್ಳಬಹುದಾದವರು ಯಾರು ಎಂದೂ ಅದೇ ಹೇಳುತ್ತಿತ್ತು.

ಇಂದು ಮಾಟುಂಗದಲ್ಲೋ ಕರೋಲ್‌ಬಾಗಿನಲ್ಲೋ ಮಧ್ಯಾಹ್ನ ಒಂದು ಗಂಟೆಗೆ ಹೋಟೆಲಿಗೆ ಹೋದರೆ ಖಾಲಿ ಮೇಜು ಸಿಗುವುದಿಲ್ಲ. ಸಪ್ಲೈಯರ್ ಒಂದು ಖಾಲಿ ಕುರ್ಚಿ ತೋರಿಸುತ್ತಾನೆ. ಎದುರಿಗೆ ಗುರುತಿಲ್ಲದ ಯಾರೋ ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದುತ್ತಿರುತ್ತಾರೆ. ಅವರ ಹೆಸರು, ಊರು, ಕುಲ ಯಾವುದನ್ನೂ ಕೇಳುವ ಪ್ರಶ್ನೆಯೇ ಇಲ್ಲ. ಉಡುಪಿ ಹೋಟೆಲಿನ ಮಾತು ಬಂದರೆ ಮಸಾಲೆದೋಸೆಯ ಹುಟ್ಟು, ಸಾಂಬಾರಿನ ಬೆಲ್ಲ, ಫಿಲ್ಟರ್ ಕಾಫಿ ಇವೇ ಮುಂದೆ ಬರುತ್ತವೆ. ಆದರೆ ಅದರ ನೂರು ವರ್ಷಗಳ ಚರಿತ್ರೆಯಲ್ಲಿ ದೋಸೆಗಿಂತ ದೊಡ್ಡ ಸಂಗತಿ ಈ ಖಾಲಿ ಕುರ್ಚಿ. ಅದು ತಾನಾಗಿ ಬಂದದ್ದಲ್ಲ.

ಮಠದ ಅಡುಗೆಮನೆ

ಉಡುಪಿಯ ಅಡುಗೆಯ ಮೂಲ ಕೃಷ್ಣಮಠದ ಒಲೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಕೃಷ್ಣನ ಪೂಜೆಯ ಹೊಣೆಯನ್ನು ಎಂಟು ಮಠಗಳು ಸರದಿಯಂತೆ ಹೊರುತ್ತವೆ. ಎರಡು ವರ್ಷಕ್ಕೊಮ್ಮೆ ಸರದಿ ಬದಲಾಗುವ ಪರ್ಯಾಯದ ಈ ಕ್ರಮ 16ನೇ ಶತಮಾನದಲ್ಲಿ ವಾದಿರಾಜರ ಕಾಲದಿಂದ ನಡೆದು ಬಂದದ್ದು. ಪೂಜೆಯ ಜೊತೆಗೇ ಅನ್ನದಾನವೂ ಬಂತು. ದಿನವೂ ನೂರಾರು ಜನಕ್ಕೆ, ಹಬ್ಬ ಬಂದರೆ ಸಾವಿರಾರು ಜನಕ್ಕೆ ಅನ್ನ, ಸಾರು, ಹುಳಿ, ಪಲ್ಯ, ಪಾಯಸ ಮಾಡಿ ಬಡಿಸುವ ಕೈಗಳು ಅಲ್ಲಿ ತಲೆಮಾರುಗಳ ಕಾಲ ಪಳಗಿದವು.

ಈ ಅಡುಗೆಗೆ ಕಟ್ಟುಪಾಡುಗಳೂ ಇದ್ದವು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಮೊದಲ ತಿಂಗಳು ತರಕಾರಿ ಸಲ್ಲದು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ. ಬೇಳೆಯಿಲ್ಲದೆ ಸಾರು, ತರಕಾರಿಯಿಲ್ಲದೆ ಊಟ ಮಾಡಿ ಬಡಿಸಬೇಕಾದವರು ಅಕ್ಕಿ, ಉದ್ದು, ತೆಂಗಿನಕಾಯಿ, ಮೆಣಸು, ಬೆಲ್ಲಗಳಲ್ಲೇ ಹತ್ತು ಬಗೆ ಕಂಡುಕೊಳ್ಳಲೇಬೇಕಾಯಿತು.

ಇನ್ನೊಂದು ಕಟ್ಟುಪಾಡು ಪಂಕ್ತಿಯದು. ಯಾರು ಯಾರ ಸಾಲಿನಲ್ಲಿ ಕೂರಬೇಕು, ಯಾರಿಗೆ ಮೊದಲು ಬಡಿಸಬೇಕು, ಯಾರ ಎಲೆಯನ್ನು ಯಾರು ಎತ್ತಬೇಕು ಎಂಬುದೆಲ್ಲ ಹುಟ್ಟಿನಿಂದ ನಿಶ್ಚಯವಾಗಿತ್ತು. ಬ್ರಾಹ್ಮಣರು ಬೇಯಿಸಿದ ಅನ್ನವನ್ನು ಉಳಿದ ಬಹುಪಾಲು ಜಾತಿಯವರು ಉಣ್ಣಬಹುದಿತ್ತು. ಆದರೆ ಬ್ರಾಹ್ಮಣರ ಜೊತೆ ಒಂದೇ ಸಾಲಿನಲ್ಲಿ ಕೂರುವಂತಿರಲಿಲ್ಲ.

ಉಡುಪಿ ಹೋಟೆಲಿನ ಇಡೀ ಕಥೆ ಈ ಎರಡು ಮಾತುಗಳ ನಡುವಿನ ಜಗ್ಗಾಟ. ಅಡುಗೆಯವರ ಜಾತಿಯಿಂದಾಗಿ ಗಿರಾಕಿಯಾಗಿ ಯಾರು ಬೇಕಾದರೂ ಬರಬಹುದು ಎಂದಾಯಿತು. ಅದೇ ಜಾತಿಯ ಲೆಕ್ಕದಿಂದಾಗಿ ಬಂದವರು ಎಲ್ಲಿ ಕೂರಬೇಕು ಎಂಬ ತಕರಾರೂ ಎದ್ದಿತು.

ಊರು ಬಿಟ್ಟವರು

ಇಷ್ಟು ಜನ ಕರಾವಳಿ ಬಿಟ್ಟು ಹೊರಟದ್ದು ಬಡತನದಿಂದ. ಅರ್ಚಕರ ಮನೆಗಳಲ್ಲಿ ಮಕ್ಕಳು ಹೆಚ್ಚು, ಭೂಮಿ ಕಡಿಮೆ. ಗದ್ದೆಯಿದ್ದರೂ ಹೆಚ್ಚಿನವರದು ಗೇಣಿ. 1923ರ ಮಳೆಗಾಲದ ಭಾರೀ ನೆರೆ ದಕ್ಷಿಣ ಕನ್ನಡದ ಎಷ್ಟೋ ಮನೆ, ಗದ್ದೆಗಳನ್ನು ಕೊಚ್ಚಿಕೊಂಡು ಹೋಯಿತು. ಆ ಹೊತ್ತಿಗೆ ಹೊರಗೆ ಹೋಗುವ ದಾರಿಯೂ ತೆರೆದಿತ್ತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಜಿಲ್ಲೆ. 1907ರಲ್ಲಿ ಮಂಗಳೂರಿಗೆ ರೈಲು ಬಂದಿದ್ದರಿಂದ ಮದರಾಸಿಗೆ ನೇರ ಸಂಪರ್ಕವಾಗಿತ್ತು. ಮುಂಬಯಿಗೆ ಹೋಗುವವರು ಕರಾವಳಿಯ ಹಡಗು ಹತ್ತುತ್ತಿದ್ದರು. ಮುಂಬಯಿ ಮತ್ತು ಮಂಗಳೂರಿನ ನಡುವೆ ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ ಮಾತ್ರ.

ಹೊರಟವರಲ್ಲಿ ಬಹಳ ಮಂದಿ ಹತ್ತು, ಹನ್ನೆರಡು ವರ್ಷದ ಹುಡುಗರು. ಪರಿಚಯದ ಯಾರೋ ಒಬ್ಬರ ಹೋಟೆಲಿಗೆ ಸೇರುವುದು, ಪಾತ್ರೆ ತೊಳೆಯುವುದು, ಹಿಟ್ಟು ರುಬ್ಬುವುದು, ಮೇಜು ಒರೆಸುವುದು, ಆಮೇಲೆ ಮಾಣಿಯಾಗಿ ತಿಂಡಿ ಕೊಡುವುದು. ಒಲೆಯ ಮುಂದೆ ನಿಲ್ಲಲು ವರ್ಷಗಳು ಬೇಕು. ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಯೋಗ ಕೆಲವರಿಗೆ ಮಾತ್ರ.

ಅಂಥ ಕೆಲವರಲ್ಲಿ ಕಡಂದಲೆಯ ಕೆ. ಕೃಷ್ಣರಾಯರು ಒಬ್ಬರು. 1920ರ ದಶಕದಲ್ಲಿ ಮದರಾಸಿಗೆ ಬಂದು, ಅಡುಗೆಮನೆಯ ಚಾಕರಿಯಿಂದ ಮೇಲೇರಿ, ಸ್ವಂತ ಹೋಟೆಲು ಮಾಡಿದರು. 1930ರ ದಶಕದ ಕೊನೆಗೆ ರಾಯಪೇಟೆಯಲ್ಲಿ ಮರಗಳ ನಡುವಿನ ಒಂದು ದೊಡ್ಡ ಬಂಗಲೆಯನ್ನು ಹಿಡಿದು ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ತೆರೆದ ಡ್ರೈವ್-ಇನ್‌ನಲ್ಲಿ ಕಾರಿನ ಕಿಟಕಿಗೆ ತಟ್ಟೆ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. 2008ರಲ್ಲಿ ಅದು ಮುಚ್ಚಿತು. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಅಡ್ಡಗೋಡೆ ಬಿದ್ದದ್ದು

ಕೃಷ್ಣರಾಯರು ಮದರಾಸಿಗೆ ಬಂದ ಕಾಲದಲ್ಲಿ ಅಲ್ಲಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಕೋಣೆ ಇರುವುದು ರೂಢಿ. ದಲಿತರಿಗೆ ಎಷ್ಟೋ ಕಡೆ ಎರಡೂ ಇಲ್ಲ. ರೈಲು ನಿಲ್ದಾಣಗಳ ಉಪಾಹಾರಗೃಹಗಳಲ್ಲೂ ಇದೇ ವಿಭಾಗ. ಒಂದೇ ರೈಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಬಂದವರು ಇಡ್ಲಿ ತಿನ್ನಲು ಇಳಿದ ಕೂಡಲೇ ಬೇರೆ ಬೇರೆ ಬಾಗಿಲು ಹಿಡಿಯಬೇಕಿತ್ತು. ಪೆರಿಯಾರ್ ಇ. ವಿ. ರಾಮಸ್ವಾಮಿ ಮತ್ತು ಅವರ ಸ್ವಾಭಿಮಾನ ಚಳವಳಿ ಇದರ ವಿರುದ್ಧ ಬಹಳ ವರ್ಷ ಹೋರಾಡಿತು. ರೈಲು ನಿಲ್ದಾಣಗಳಲ್ಲಿ ಈ ಪದ್ಧತಿ 1941ರಲ್ಲಿ ಕೊನೆಗೊಂಡಿತು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರಗೃಹಗಳನ್ನು ಹೆಸರಿಸಿಯೇ ಹೇಳಿತು: ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿ ತಡೆಯುವಂತಿಲ್ಲ. ಸಂವಿಧಾನದಲ್ಲಿ ಹೋಟೆಲಿನ ಪ್ರಸ್ತಾಪ ಯಾಕೆ ಬಂತು ಎಂದು ಈಗಿನ ಓದುಗರಿಗೆ ಅನ್ನಿಸಬಹುದು. ಬರೆದವರಿಗೆ ಆ ಅಡ್ಡಗೋಡೆಗಳು ದಿನನಿತ್ಯದ ಅನುಭವವಾಗಿದ್ದವು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೀಗೆ ತಡೆಯುವುದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು.

ಆದರೂ ಬೋರ್ಡುಗಳು ಉಳಿದಿದ್ದವು. 1957ರಲ್ಲಿ ಪೆರಿಯಾರ್ ಅನುಯಾಯಿಗಳು ಮದರಾಸಿನ ತಿರುವಲ್ಲಿಕೇಣಿಯ ಮುರಳಿ ಕೆಫೆಯ ಮುಂದೆ ನಿಂತರು. ಬೋರ್ಡಿನಲ್ಲಿದ್ದ ಬ್ರಾಹ್ಮಣ ಎಂಬ ಶಬ್ದ ಹೋಗಬೇಕು ಎಂಬುದಷ್ಟೇ ಅವರ ಬೇಡಿಕೆ. ತಿಂಗಳುಗಟ್ಟಲೆ ಪಿಕೆಟಿಂಗ್ ನಡೆಯಿತು, ಜನ ಜೈಲಿಗೆ ಹೋದರು. ಕೊನೆಗೆ ಶಬ್ದ ಹೋಯಿತು. ಅಲ್ಲಿಂದ ಆಚೆ ಆ ನಗರದ ಹೋಟೆಲಿನವರಿಗೆ ಜಾತಿಯ ಹೆಸರಿಗಿಂತ ಊರಿನ ಹೆಸರು ಕ್ಷೇಮ ಎನಿಸಿದ್ದರೆ ಆಶ್ಚರ್ಯವಿಲ್ಲ. ಉಡುಪಿ ಎಂದರೆ ಸಾಕು. ಸಸ್ಯಾಹಾರ, ಮಡಿ, ರುಚಿ ಎಲ್ಲವೂ ಅದರಲ್ಲಿ ಬಂತು, ಯಾರನ್ನೂ ಹೊರಗೆ ನಿಲ್ಲಿಸಿದಂತೆಯೂ ಆಗಲಿಲ್ಲ.

ಹಾಗೆಂದು ಎಲ್ಲವನ್ನೂ ಕಾನೂನು, ಚಳವಳಿಗಳೇ ಮಾಡಿದವು ಎನ್ನುವಂತಿಲ್ಲ. ಅಡ್ಡಗೋಡೆ ಹಾಕಿದರೆ ಜಾಗ ದಂಡ. ಒಂದು ಕಡೆ ಕುರ್ಚಿ ಖಾಲಿ, ಇನ್ನೊಂದು ಕಡೆ ಜನ ಕಾಯುತ್ತಾರೆ. ಹೋಟೆಲಿನ ಲಾಭ ಇರುವುದು ಒಂದು ಕುರ್ಚಿಯಲ್ಲಿ ದಿನಕ್ಕೆ ಎಷ್ಟು ಜನ ಕೂತು ಎದ್ದರು ಎಂಬುದರಲ್ಲಿ. ಬಾಡಿಗೆ ಏರುತ್ತಿದ್ದ ನಗರದಲ್ಲಿ ಮಡಿಗಿಂತ ಗಲ್ಲಾದ ಲೆಕ್ಕ ಗಟ್ಟಿಯಾಗಿತ್ತು.

ಮುಂಬಯಿ, ಪುಣೆ, ದಿಲ್ಲಿ

ಮುಂಬಯಿಯಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಮೊದಲ ಗಿರಾಕಿಗಳು ದಕ್ಷಿಣದಿಂದ ಕೆಲಸಕ್ಕೆ ಬಂದ, ಅಡುಗೆ ಬಾರದ, ಒಂಟಿ ಗಂಡಸರು. 1942ರಲ್ಲಿ ಎ. ರಾಮ ನಾಯಕರು ಮಾಟುಂಗ ನಿಲ್ದಾಣದ ಪಕ್ಕದಲ್ಲಿ ತೆರೆದ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ಇಂಥವರಿಗೆ ಬಾಳೆಲೆಯ ಮೇಲೆ ಊರಿನ ಊಟ ಹಾಕಿತು. ಅಲ್ಲಿ ಈಗಲೂ ಬಾಳೆಲೆಯ ಊಟ ಸಿಗುತ್ತದೆ. ಆದರೆ ಸಾಲಿನಲ್ಲಿ ಕೂರುವವರು ಗುಜರಾತಿಗಳು, ಮರಾಠಿಗರು, ತಮಿಳರು, ಪ್ರವಾಸಿಗಳು. ಪಂಕ್ತಿಯ ರೂಪ ಉಳಿದಿದೆ, ಅದರ ಹಳೆಯ ಲೆಕ್ಕ ಉಳಿದಿಲ್ಲ.

ಮಾಲೀಕರ ಜಾತಿಯೂ ಬದಲಾಯಿತು. ಬ್ರಾಹ್ಮಣರು ಮತ್ತು ಕೊಂಕಣಿಗರ ಬೆನ್ನಿಗೆ ಬಂಟರು ದೊಡ್ಡ ಸಂಖ್ಯೆಯಲ್ಲಿ ಈ ವ್ಯಾಪಾರಕ್ಕೆ ಬಂದರು. 1974ರ ಭೂಸುಧಾರಣೆಯಲ್ಲಿ ಗೇಣಿ ಭೂಮಿ ಕೈಬಿಟ್ಟು ಹೋದ ಮನೆಗಳ ಹುಡುಗರಿಗೆ ಮುಂಬಯಿಯೇ ದಾರಿಯಾಯಿತು. ಮನೆಯಲ್ಲಿ ಮೀನು ಸಾರು ಉಣ್ಣುವವರು ಹೋಟೆಲಿನಲ್ಲಿ ಶುದ್ಧ ಸಸ್ಯಾಹಾರಿ ಬೋರ್ಡು ಹಾಕಿ, ಒಲೆಗೆ ಭಟ್ಟರನ್ನು ಇಟ್ಟರು. ಮಾಲೀಕ ಶೆಟ್ಟರು, ಅಡುಗೆ ಭಟ್ಟರು ಎಂಬ ಈ ಏರ್ಪಾಡು ಬಹುಕಾಲ ನಡೆಯಿತು. ಕುರ್ಚಿಯಿಂದ ಎದ್ದ ಜಾತಿ ಒಲೆಯ ಬಳಿಯಿಂದ ಏಳಲು ಇನ್ನೂ ಹೊತ್ತು ಹಿಡಿಯಿತು.

ಹೊರಗಿನವರು ಎಂಬ ಮಾತನ್ನೂ ಇವರು ಕೇಳಬೇಕಾಯಿತು. 1966ರಲ್ಲಿ ಹುಟ್ಟಿದ ಶಿವಸೇನೆ ತನ್ನ ಮೊದಲ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಎದ್ದಾಗ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದವು. ಹೋಟೆಲಿನವರು ಓಡಿ ಹೋಗಲಿಲ್ಲ. ಪಟ್ಟಿಗೆ ಪಾವ್‌ಭಾಜಿ ಸೇರಿತು, ಮಿಸಳ್ ಸೇರಿತು, ಪಂಜಾಬಿ ಪನೀರ್ ಬಂತು, ಚೈನೀಸ್ ಕೂಡ ಬಂತು. ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಬೆಳೆಸಿದ ಜಗನ್ನಾಥ ಶೆಟ್ಟರು ಕಾರ್ಕಳ ಸೀಮೆಯವರು. ಅಲ್ಲಿ ಪುಣೆಯವರು ಮುಗಿಬಿದ್ದು ತಿನ್ನುವುದು ಸೇವ್, ಬಟಾಟೆ, ದಹಿ, ಪೂರಿಯ ಚಾಟ್. ಅದರಲ್ಲಿ ಉಡುಪಿಯದು ಏನೂ ಇಲ್ಲ. ಕಾರ್ಕಳದವರೇ ಆದ ಜಯರಾಮ ಬನಾನ್ 1986ರಲ್ಲಿ ದಿಲ್ಲಿಯ ಡಿಫೆನ್ಸ್ ಕಾಲೊನಿಯಲ್ಲಿ ಸಾಗರ್ ತೆರೆದು, ಪರಾಠದ ನಾಡಿನಲ್ಲಿ ದೋಸೆಗೆ ಸರತಿ ಸಾಲು ನಿಲ್ಲಿಸಿದರು. ಹುಡುಗನಾಗಿ ಮನೆ ಬಿಟ್ಟು ಬಂದು ಅವರು ಮೊದಲು ಮಾಡಿದ್ದು ಪಾತ್ರೆ ತೊಳೆಯುವ ಕೆಲಸ.

ಮೇಜು ಒರೆಸಿದವರು

ಗೆದ್ದವರ ಕಥೆಗಳು ಹೀಗೆ ಸಿಗುತ್ತವೆ. ಅವರ ಜೊತೆಗೇ ಊರು ಬಿಟ್ಟು, ಕೊನೆಯವರೆಗೂ ಕ್ಲೀನರ್ ಆಗಿಯೇ ಉಳಿದವರ ಕಥೆ ಎಲ್ಲೂ ಇಲ್ಲ. ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದ ಹುಡುಗರು ಅವರು. 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ವಿದ್ಯುತ್ ಗ್ರೈಂಡರು ತಯಾರಾಗುವವರೆಗೆ ಹೋಟೆಲಿನ ಇಡ್ಲಿ, ದೋಸೆ, ಚಟ್ನಿ ಎಲ್ಲದರ ಹಿಂದೆ ಕಲ್ಲು ತಿರುಗಿಸುವ ಒಂದು ಜೊತೆ ತೋಳುಗಳಿದ್ದವು.

ಅವರಿಗೆ ಇದ್ದ ಒಂದು ಬಾಗಿಲು ಮುಂಬಯಿಯ ಕನ್ನಡ ರಾತ್ರಿಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿ 20ನೇ ಶತಮಾನದ ಮೊದಲ ದಶಕದಲ್ಲೇ ಅಂಥದೊಂದನ್ನು ಆರಂಭಿಸಿತು. ಬೇರೆ ಸಂಘಗಳೂ ಮುಂದೆ ಬಂದವು. ಹಗಲು ಮಾಣಿ, ರಾತ್ರಿ ವಿದ್ಯಾರ್ಥಿ. ಹೀಗೆ ಓದಿ ಗುಮಾಸ್ತರಾದವರು, ವಕೀಲರಾದವರು, ಲೇಖಕರಾದವರು ಇದ್ದಾರೆ. ಮುಂಬಯಿಯ ಕನ್ನಡ ಸಂಘಗಳು, ಯಕ್ಷಗಾನ ಮಂಡಳಿಗಳು ನಿಂತದ್ದರಲ್ಲಿ ಹೋಟೆಲು ಮಾಲೀಕರ ಹಣದಷ್ಟೇ ಈ ರಾತ್ರಿಶಾಲೆಯ ಹುಡುಗರ ಶ್ರಮವೂ ಇದೆ. 2006ರ ಅಕ್ಟೋಬರಿನಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನಂತೆ ಅಪರಾಧವಾಯಿತು.

ಉಡುಪಿಯಲ್ಲಿಯೇ ಮಠದ ಊಟದ ಪಂಕ್ತಿಭೇದದ ವಿರುದ್ಧ 2010ರ ದಶಕದಲ್ಲೂ ಪ್ರತಿಭಟನೆಗಳು ನಡೆದವು. ಆ ಊರಿನ ಹೆಸರು ಹೊತ್ತ ಹೋಟೆಲುಗಳಲ್ಲಿ ಅಷ್ಟರಲ್ಲಾಗಲೇ ಯಾರೂ ಯಾರ ಸಾಲನ್ನೂ ಕೇಳುತ್ತಿರಲಿಲ್ಲ. ಊರು ಬಿಟ್ಟು ಹೋದ ಅಡುಗೆ ಊರಿಗಿಂತ ಮುಂದೆ ನಡೆದಿತ್ತು.

ಈಗ ಕರಾವಳಿಯ ಹುಡುಗರು ಹೋಟೆಲು ಕೆಲಸಕ್ಕೆ ಬರುವುದು ಕಡಿಮೆ. ಮಾಲೀಕರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವವರು ಒಡಿಶಾದವರು, ಅಸ್ಸಾಮಿನವರು, ನೇಪಾಳದವರು. ಭಟ್ಟರೇ ಬೇಯಿಸಬೇಕು ಎಂಬ ಕೊನೆಯ ಕಟ್ಟುಪಾಡೂ ಹೀಗೆ ಸದ್ದಿಲ್ಲದೆ ಸಡಿಲವಾಗಿದೆ. ಗಿರಾಕಿಗಳು ಯಾರೂ ತಕರಾರು ಮಾಡಿದಂತಿಲ್ಲ. ಇವರೂ ಬಡತನದಿಂದಲೇ ಊರು ಬಿಟ್ಟವರು, ಪಾತ್ರೆ ತೊಳೆಯುವಲ್ಲಿಂದಲೇ ಶುರುಮಾಡಿದವರು. ಅವರ ಭಾಷೆಯ ರಾತ್ರಿಶಾಲೆ ಮಾತ್ರ ಈ ನಗರಗಳಲ್ಲಿ ಕಾಣುವುದಿಲ್ಲ. ಕಡಂದಲೆಯ ಹುಡುಗನೊಬ್ಬ ಒಲೆಯಿಂದ ಗಲ್ಲಾದವರೆಗೆ ನಡೆದ ದಾರಿ ಇವರಿಗೂ ತೆರೆದಿದೆಯೇ ಎಂಬುದು ಉಡುಪಿ ಹೋಟೆಲಿನ ಮುಂದಿನ ಅಧ್ಯಾಯ.