ದಾರಿ ತಪ್ಪಿದ ಓಲೆ

ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಉಣ್ಣುತ್ತಿದ್ದ ಪೇತ್ರನು, ಯೆರೂಸಲೇಮಿನ ಕಡೆಯವರು ಬಂದೊಡನೆ ಪಂಕ್ತಿಯಿಂದ ಹಿಂದೆಗೆದನು. ಪೌಲನು ಎಲ್ಲರೆದುರಿಗೇ ಅವನನ್ನು ಖಂಡಿಸಿದನು. ಕ್ರೈಸ್ತರನ್ನು ಹೀಯಾಳಿಸಲು ಪಾರ್ಫಿರಿಯು ಎತ್ತಿಕೊಂಡಿದ್ದ ಈ ಪ್ರಸಂಗವು ಬೇತ್ಲೆಹೇಮಿನ ಪಂಡಿತ ಜೆರೋಮನಿಗೆ ಇರುಸುಮುರುಸಾಯಿತು. ಅದು ಇಬ್ಬರೂ ಒಳಗೊಳಗೇ ಒಪ್ಪಿ ಆಡಿದ ನಾಟಕವೆಂದು ವ್ಯಾಖ್ಯಾನ ಬರೆದನು. ಆಫ್ರಿಕದ ಅಗಸ್ಟೀನನು ಒಪ್ಪಲಿಲ್ಲ. ಧರ್ಮಗ್ರಂಥದಲ್ಲಿ ಒಂದು ಹಿತವಾದ ಸುಳ್ಳಿಗೆ ಎಡೆಕೊಟ್ಟರೆ ಮಿಕ್ಕ ಯಾವ ಮಾತನ್ನು ನಂಬುವುದು?

ಈ ಆಕ್ಷೇಪವನ್ನು ಅವನು ಜೆರೋಮನಿಗೇ ಬರೆದನು. ಆದರೆ ಸುಮಾರು 395ರ ಓಲೆ ಹೊರಡಲೇ ಇಲ್ಲ. ಒಯ್ಯಬೇಕಾದವನು ನಡುವೆ ಬಿಷಪನಾದನು. ಸುಮಾರು 397ರ ಓಲೆಯನ್ನು ಹೊತ್ತವನಿಗೋ ಸಮುದ್ರದ ಭಯ! ಅದರ ಪ್ರತಿಗಳು ರೋಮಿನಲ್ಲಿ ಕೈಯಿಂದ ಕೈಗೆ ಹರಿದಾಡಿ, ವರ್ಷಗಳ ಮೇಲೆ ಜೆರೋಮನನ್ನು ಮುಟ್ಟಿದವು. ತನ್ನ ಮೇಲಿನ ಆಕ್ಷೇಪವನ್ನು ತನಗಿಂತ ಮೊದಲು ಊರೆಲ್ಲ ಓದಿತ್ತೆಂದರೆ ಯಾರಿಗೆ ತಾನೆ ಸಿಟ್ಟು ಬಾರದು? ದಣಿದ ಎತ್ತನ್ನು ಕೆಣಕಬೇಡವೆಂಬ ಧಾಟಿಯಲ್ಲಿ ಉತ್ತರಿಸಿದನು. ಪೌಲನದೂ ಬಹಿರಂಗ ಖಂಡನೆಯೇ, ನಿಜ. ಆದರೆ ಅಲ್ಲಿ ಪೇತ್ರನು ಎದುರಿಗಿದ್ದನು.

ಅಗಸ್ಟೀನನು ನೋಯಿಸಿದ್ದಕ್ಕೆ ಕ್ಷಮೆ ಬೇಡಿದನು, ವಾದವನ್ನು ಬಿಡಲಿಲ್ಲ. ತನ್ನನ್ನೂ ತಿದ್ದಬೇಕೆಂದು ಕೇಳಿಕೊಂಡನು. 415ರ ಸುಮಾರಿಗೆ ಪೆಲೇಜಿಯನರ ವಿರುದ್ಧ ಬರೆದ ಸಂವಾದದಲ್ಲಿ ಜೆರೋಮನು, ಪೇತ್ರನೂ ಖಂಡನೆಗೆ ಅರ್ಹನಾಗಿದ್ದನೆಂದೇ ಬರೆದನು. ಅಗಸ್ಟೀನನು ಅದನ್ನು ಗಮನಿಸಿ ಮತ್ತೊಬ್ಬ ಮಿತ್ರನಿಗೆ ತಿಳಿಸಿದನು.