ಹೊಡೆತ ಉಳಿಯಿತು, ಸಾವು ಮರೆಯಾಯಿತು: ಅಮೆರಿಕದ ಮಕ್ಕಳ ಕಾರ್ಟೂನಿನ ಒಂದು ಅಧ್ಯಾಯ

ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ 1984ರ ಮೇ ತಿಂಗಳಲ್ಲಿ ತಾವೇ ಪ್ರಕಟಿಸಿದ 'ಟೀನೇಜ್ ಮ್ಯುಟೆಂಟ್ ನಿಂಜಾ ಟರ್ಟಲ್ಸ್' ಕಾಮಿಕ್ಸ್ ಮಕ್ಕಳಿಗೆಂದು ಬರೆದದ್ದಲ್ಲ. ಸುಮಾರು 3,000 ಪ್ರತಿಗಳಲ್ಲಿ ಅಚ್ಚಾದ ಆ ಕಪ್ಪು-ಬಿಳುಪು ಸಂಚಿಕೆಯದು ಸೇಡಿನ ಕಥೆ. ಸ್ಪ್ಲಿಂಟರ್ ಎಂಬ ಇಲಿಯನ್ನು ಸಾಕಿದ್ದ ಹಮಾಟೊ ಯೋಶಿಯನ್ನು ಖಳನಾಯಕ ಶ್ರೆಡರ್ ಕೊಂದಿರುತ್ತಾನೆ. ಆ ಸೇಡು ತೀರಿಸಲೆಂದೇ ಇಲಿ ನಾಲ್ಕು ಆಮೆಗಳನ್ನು ಬೆಳೆಸಿ ಪಳಗಿಸುತ್ತದೆ. ಸಂಚಿಕೆ ಮುಗಿಯುವಷ್ಟರಲ್ಲಿ ಶ್ರೆಡರ್ ಸತ್ತಿರುತ್ತಾನೆ.

1987ರ ಡಿಸೆಂಬರಿನಲ್ಲಿ ಇದೇ ಕಥೆ ಐದು ಕಂತುಗಳ ಕಾರ್ಟೂನಾಗಿ ಟಿವಿಗೆ ಬಂತು. ಕಾಮಿಕ್ಸ್‌ನಲ್ಲಿ ಎಲ್ಲರಿಗೂ ಕೆಂಪಾಗಿದ್ದ ಕಣ್ಣುಪಟ್ಟಿಗೆ ಈಗ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಸಿಕ್ಕಿತು. ಜೊತೆಗೆ ಪಿಜ್ಜಾದ ಹುಚ್ಚೂ ಸೇರಿತು. ಶ್ರೆಡರ್‌ನ ಕಾಲಾಳುಗಳು ರೋಬೋಟ್‌ಗಳಾದರು. ಹೀಗಾಗಿ ಕತ್ತಿ ಬೀಸಿದರೂ ರಕ್ತ ಚೆಲ್ಲುವ ಪ್ರಶ್ನೆ ಇರಲಿಲ್ಲ, ತಂತಿ-ತಗಡು ಮಾತ್ರ ಚೂರಾಗುತ್ತಿದ್ದವು. ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಆಳವಾದ ತಿದ್ದುಪಡಿ ಬೇರೊಂದಿದೆ. ಕಾರ್ಟೂನಿನಲ್ಲಿ ಯೋಶಿಯ ಕೊಲೆ ನಡೆಯುವುದೇ ಇಲ್ಲ. ಅವನೇ ರೂಪಾಂತರಗೊಂಡು ಸ್ಪ್ಲಿಂಟರ್ ಆಗುತ್ತಾನೆ. ಕೊಲೆ ಇಲ್ಲವಾದ್ದರಿಂದ ಶೋಕವೂ ಇಲ್ಲ, ತೀರಿಸಬೇಕಾದ ಸೇಡೂ ಇಲ್ಲ. ಹೊಡೆದಾಟ ಹಾಗೆಯೇ ಉಳಿದು, ಅದಕ್ಕಿದ್ದ ಕಾರಣ ಕಳಚಿಹೋಯಿತು.

ಈ ತಿದ್ದುಪಡಿಯ ಹಿಂದಿನ ಒತ್ತಡ ಯಾವುದೆಂದು ಕೇಳಬೇಕು. 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಮ್ಮ ಮೇಲೆ ತಾವೇ ನೀತಿಸಂಹಿತೆ ಹೇರಿಕೊಂಡದ್ದು ಭಯದಿಂದ. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂಬ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ಪುಸ್ತಕ ಆ ವರ್ಷ ಕೋಲಾಹಲವೆಬ್ಬಿಸಿತ್ತು, ಸೆನೆಟ್ ಉಪಸಮಿತಿಯ ವಿಚಾರಣೆಯೂ ನಡೆದಿತ್ತು. ಮೂವತ್ತು ವರ್ಷಗಳ ನಂತರ ಆಮೆಗಳನ್ನು ಮೃದುವಾಗಿಸಿದ್ದು ಭಯಕ್ಕಿಂತ ಹೆಚ್ಚಾಗಿ ಮಾರುಕಟ್ಟೆ. ಎಂಬತ್ತರ ದಶಕದಲ್ಲಿ ಮಕ್ಕಳ ಟಿವಿಯ ಮೇಲಿನ ಸರ್ಕಾರಿ ನಿಯಮಗಳು ಸಡಿಲಗೊಂಡಿದ್ದವು. ಪ್ಲೇಮೇಟ್ಸ್ ಕಂಪನಿಗೆ ಆಮೆಗಳ ಬೊಂಬೆ ಮಾರಬೇಕಿತ್ತು. ಕಾರ್ಟೂನು ಅದಕ್ಕೆ ದಾರಿ ಮಾಡಿಕೊಟ್ಟಿತು.

ಮಿತಿ ಎಲ್ಲ ದೇಶಕ್ಕೂ ಒಂದೇ ಆಗಿರಲಿಲ್ಲ. ಬ್ರಿಟನ್ನಿನಲ್ಲಿ 'ನಿಂಜಾ' ಪದವೇ ಹೋಗಿ 'ಹೀರೋ' ಬಂತು. ಸರಪಳಿಯಿಂದ ಜೋಡಿಸಿದ ಎರಡು ಕೋಲುಗಳ ನುಂಚಾಕುವಿನ ದೃಶ್ಯಗಳಿಗೆ ಅಲ್ಲಿ ಕತ್ತರಿ ಬಿತ್ತು, ಕತ್ತಿ ಉಳಿಯಿತು. ಮುಂದೆ ಮೂಲ ಸರಣಿಯಲ್ಲೇ ಆಮೆಗಳಲ್ಲೊಬ್ಬನಾದ ಮೈಕೆಲ್ಯಾಂಜೆಲೋನ ನುಂಚಾಕು ಮಾಯವಾಗಿ, ಅವನ ಕೈಗೆ ಹಗ್ಗದ ಕೊಕ್ಕೆ ಬಂತು.

ವಿಡಿಯೋ ಗೇಮಿನಿಂದ ಹುಟ್ಟಿದ ಕಾರ್ಟೂನಿನ ಕಷ್ಟ ಇನ್ನೂ ದೊಡ್ಡದು. 1992ರ 'ಮಾರ್ಟಲ್ ಕಾಂಬ್ಯಾಟ್' ಜನರನ್ನು ಸೆಳೆದದ್ದೇ ಸೋತವನನ್ನು ಕೊಲ್ಲುವ ಭೀಕರ ಕೊನೆಯೇಟಿನಿಂದ. ನಿಂಟೆಂಡೊ ತನ್ನ ಆವೃತ್ತಿಯಲ್ಲಿ ರಕ್ತವನ್ನು ಬೂದುಬಣ್ಣದ ಬೆವರಾಗಿಸಿತು. 1993ರ ಡಿಸೆಂಬರಿನಲ್ಲಿ ಸೆನೆಟ್ ವಿಚಾರಣೆ ಆರಂಭವಾಯಿತು, ಮರುವರ್ಷ ಗೇಮ್‌ಗಳಿಗೆ ವಯೋಮಾನದ ಗುರುತು ಹಾಕುವ ಮಂಡಳಿ ಹುಟ್ಟಿತು. ಇಷ್ಟೆಲ್ಲ ಆದಮೇಲೂ 1996ರಲ್ಲಿ ಅದರ ಕಾರ್ಟೂನು ಬಂತು. ಆ ಕೊನೆಯೇಟನ್ನು ತೆಗೆದಮೇಲೆ ಉಳಿದದ್ದು ವೇಷ ಮತ್ತು ಹೆಸರು. 13 ಕಂತುಗಳಿಗೆ ಸರಣಿ ನಿಂತಿತು.

ನಿರ್ಬಂಧದೊಳಗೇ ಜಾಣ್ಮೆ ತೋರಿದವರೂ ಇದ್ದಾರೆ, ಎಡವಿದವರೂ ಇದ್ದಾರೆ. ಫಾಕ್ಸ್ ವಾಹಿನಿಯ 1994ರ 'ಸ್ಪೈಡರ್-ಮ್ಯಾನ್' ಸರಣಿಯ ರಕ್ತಪಿಪಾಸು ಮಾರ್ಬಿಯಸ್ ಕಚ್ಚುವುದಿಲ್ಲ. ಅಂಗೈಯ ರಂಧ್ರಗಳಿಂದ 'ಪ್ಲಾಸ್ಮಾ' ಹೀರುತ್ತಾನೆ. ಕಚ್ಚುವುದಕ್ಕಿಂತ ಇದೇ ಹೆಚ್ಚು ಅಸಹ್ಯ ಹುಟ್ಟಿಸುತ್ತದೆ. ಅದೇ ವಾಹಿನಿಯ 'ಬ್ಯಾಟ್‌ಮ್ಯಾನ್' ಸರಣಿಯಲ್ಲಿ ನಾಯಕನ ಸಹಚರ ರಾಬಿನ್‌ನ ತಂದೆ-ತಾಯಿ ಸರ್ಕಸ್ ಉಯ್ಯಾಲೆಯಿಂದ ಬಿದ್ದು ಸಾಯುತ್ತಾರೆ. ಬೀಳುವುದು ಕಾಣುವುದಿಲ್ಲ, ತುಂಡಾದ ಹಗ್ಗವಷ್ಟೇ ತೂಗುತ್ತಾ ಮರಳಿ ಬರುತ್ತದೆ. ಇಲ್ಲಿ ದೃಶ್ಯವನ್ನು ಮರೆಮಾಡಲಾಗಿದೆಯೇ ಹೊರತು ಸಾವನ್ನಲ್ಲ. ಹಂತಕ ಟೋನಿ ಝುಕೊನನ್ನು ವರ್ಷಗಳ ನಂತರ ಅಟ್ಟಿಸಿಕೊಂಡು ಹೋಗುವ ರಾಬಿನ್‌ನ ಸಿಟ್ಟಿಗೆ ಎರಡು ಕಂತುಗಳನ್ನೇ ಮೀಸಲಿಟ್ಟಿದ್ದಾರೆ. ಆಮೆಗಳ ಕಾರ್ಟೂನು ಕೈಬಿಟ್ಟಿದ್ದ ಸೇಡಿನ ಪ್ರಶ್ನೆಯನ್ನು ಇವು ಮಕ್ಕಳ ಮುಂದೆಯೇ ನೇರವಾಗಿ ಎತ್ತಿದವು, ಮೊದಲ ಕಂತು 1993ರ ಎಮ್ಮಿ ಪ್ರಶಸ್ತಿಯನ್ನೂ ಪಡೆಯಿತು.