ಕಾರವಾರದ ಹೆಸರಿನ ಹಡಗು

ಕೆ.ಜಿ.ಎಫ್., ಬಂಗಾರಪೇಟೆಯ ಕಡೆ ‘ಮೈನ್ಸ್’ ಎಂದರೆ 2001ರಲ್ಲಿ ಮುಚ್ಚಿಹೋದ ಚಿನ್ನದ ಗಣಿ. ಆದರೆ ಹುದುಗಿಸಿಟ್ಟ ಸಿಡಿಮದ್ದಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಉರ್ದುವಿನ ‘ಸುರಂಗ್’ ಪದಕ್ಕೂ ಹೀಗೆ ಎರಡು ಅರ್ಥ. ಕೋಟೆಯ ಗೋಡೆಯಡಿ ಸುರಂಗ ಕೊರೆದು ಮದ್ದು ಸಿಡಿಸುತ್ತಿದ್ದ ಕಾಲದ ನೆನಪದು.

ಸಮುದ್ರದ ಮೈನುಗಳನ್ನು ಗುಡಿಸಲು ನಮ್ಮ ನೌಕಾಪಡೆ 1956ರಲ್ಲಿ ಬ್ರಿಟನ್ನಿನಿಂದ ಪಡೆದ ಹಡಗುಗಳಲ್ಲಿ ಒಂದಕ್ಕೆ ‘ಕಾರವಾರ’ ಎಂದು ಹೆಸರಿಟ್ಟಿತು. ಕಬ್ಬಿಣದ ಸುಳಿವಿಗೇ ಸಿಡಿಯುವ ಮೈನುಗಳಿದ್ದುದರಿಂದ ಅದರ ಹೊರಮೈ ಮರದ್ದು. ಅದೇ ಹೆಸರಿನ ಎರಡನೆಯ ಹಡಗು 1986ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂತು. ಹಿಂದೆ ಎಳೆದೊಯ್ಯುವ ತಂತಿಯಿಂದ ಮೈನಿನ ಲಂಗರುಹಗ್ಗ ಕತ್ತರಿಸಿ, ತೇಲಿಬಂದ ಮೈನನ್ನು ಗುಂಡಿಟ್ಟು ನಾಶಮಾಡುವುದು ಇಂಥ ಹಡಗುಗಳ ಕೆಲಸ. ಏನೂ ಸಿಡಿಯದೆ ಸರಕಿನ ಹಡಗು ದಡ ಸೇರಿದರೆ ಅದೇ ಗೆಲುವು, ಅದಕ್ಕೆ ಮೆರವಣಿಗೆಯಿಲ್ಲ.

2017ರ ಮೇ ತಿಂಗಳಲ್ಲಿ ‘ಕಾರವಾರ’ ನಿವೃತ್ತವಾಯಿತು. 2019ರಲ್ಲಿ ‘ಕೋಝಿಕೋಡ್’ ಕೂಡ ಹೋದಾಗ ಈ ಬಗೆಯ ಹಡಗು ಒಂದೂ ಉಳಿಯಲಿಲ್ಲ. ಹೊಸವುಗಳ ಖರೀದಿಗೆ ರಕ್ಷಣಾ ಖರೀದಿ ಮಂಡಳಿ ಒಪ್ಪಿದ್ದು 2025ರ ಜುಲೈನಲ್ಲಿ.

ನೆಲದ ಮೈನುಗಳನ್ನು ಕೀಳಲು ಟ್ಯಾಂಕುಗಳಿಗೆ ಜೋಡಿಸುವ 1,512 ನೇಗಿಲುಗಳ ಒಪ್ಪಂದ, ಕೆ.ಜಿ.ಎಫ್.ನಲ್ಲಿ ಕಾರ್ಖಾನೆಯುಳ್ಳ ಬೆಮೆಲ್‌ಗೆ 2020ರಲ್ಲೇ ಸಿಕ್ಕಿತ್ತು. ನೆಲಕ್ಕೆ ಸಿಕ್ಕ ಕಾಳಜಿ ನೀರಿಗೆ ಸಿಗಲಿಲ್ಲ. ಕಾರವಾರದಲ್ಲಿ ದೊಡ್ಡ ನೌಕಾನೆಲೆಯಿದೆ. ಅದರ ಬಾಯಲ್ಲಿ ನಾಳೆ ಶತ್ರು ಮೈನು ಹಾಕಿದರೆ ದಾರಿ ಗುಡಿಸುವವರು ಯಾರು?